ಮಣ್ಣಿಗೆ ಬರಬ್ಯಾಡ, ಈಗ ಬಾ

ಹುಬ್ಬಳ್ಳಿಯ ದವಾಖಾನೆಯಿಂದ ಬಸ್ಸಿನಲ್ಲಿ ಮರಳುವಾಗ ಮಲ್ಲೇಶ ತಾಯಿಗೆ ಹೇಳಿದ, "ಗ್ಯಾಸಿನ ತ್ರಾಸಂತ ಯವ್ವಾ. ಗುಳಿಗಿ ಬರದಾರ, ಆರಾಮ ಆಗತೈತಿ."

ಹುಲಿಗವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಗದಗ ದಾಟಿ ಬಸ್ಸು ವೇಗ ಹಿಡಿದ ಮೇಲೆ ಮಗನ ಕಡೆ ತಿರುಗಿದಳು.

"ಗ್ಯಾಸಿಗೆ ಡಾಕ್ಟರು ನಿನ್ನೊಬ್ಬನ್ನ ಒಳಗ ಕರದು ಬಾಗಲಾ ಹಾಕ್ಕೊಂಡ್ರೇನೋ?"

ಮಲ್ಲೇಶ ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಜೀಪು ಓಡಿಸುವವನು. ಸಾಹೇಬರು ಬೈಯುವಾಗ ರಸ್ತೆ ನೋಡುತ್ತ ಸುಮ್ಮನಿರುವುದು ಅವನಿಗೆ ರೂಢಿಯಾಗಿತ್ತು. ಈಗಲೂ ಮುಂದಿನ ಸೀಟಿನ ಬೆನ್ನು ನೋಡುತ್ತ ಕೂತ. ಕೊಪ್ಪಳ ಬಂದಾಗ ತಾಯಿಯ ಚೀಲ ಹಿಡಿದು ಮೊದಲು ಇಳಿದ.

ಅವರಿದ್ದದ್ದು ವಿರುಪಣ್ಣನ ಮನೆಯಲ್ಲಿ ಬಾಡಿಗೆಗೆ. ಮುಂದಿನ ಭಾಗದಲ್ಲಿ ಮಾಲೀಕ, ಹಿಂದಿನ ಎರಡು ಕೋಣೆಗಳಲ್ಲಿ ಇವರು. ಓಣಿಯ ಅಂಚಿಗೆ, ಕಾಂಪೌಂಡಿಗೆ ಹತ್ತಿದಂತೆ, ಒಂದು ತಗಡಿನ ಶೆಡ್ಡು. ಗಂಡ ಮಾರೆಪ್ಪ ತೀರಿಕೊಂಡ ಮೇಲೆ ಅವನ ಊರು ಅಳವಂಡಿ ಬಿಟ್ಟು ಬಂದ ಹುಲಿಗವ್ವ ಅದನ್ನು ಸ್ವಂತ ದುಡಿಮೆಯಿಂದ ಕಟ್ಟಿಸಿ ಜೋಳದ ರೊಟ್ಟಿ ಬಡಿಯಲು ಕೂತವಳು. ಈಗ ಸೊಸೆ ಸುಕನ್ಯಾ ಆ ಕೆಲಸ ನಡೆಸುತ್ತಿದ್ದಳು. ಖಡಕ್ ರೊಟ್ಟಿಯ ಕಟ್ಟುಗಳು ಗಂಗಾವತಿ, ಕುಷ್ಟಗಿಯ ಖಾನಾವಳಿಗಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದವು.

ಮಲ್ಲೇಶ ಶೆಡ್ಡಿನೊಳಗೆ ಹೋಗಿ ಹೆಂಡತಿಗೆ ತಗ್ಗಿದ ದನಿಯಲ್ಲಿ ಹೇಳಿದ, "ಪಿತ್ತಕೋಶದ ಕ್ಯಾನ್ಸರ್. ಲಿವರಿಗೂ ಹರಡೈತಂತ. ಆಪರೇಷನ್ ಆಗಂಗಿಲ್ಲಂದ್ರು. ಅವ್ವಗ ಬಾಯಿ ಬಿಡಬ್ಯಾಡ."

ಸುಕನ್ಯಾ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುವುದನ್ನು ಮರೆತಳು. ಅದು ಕರಕಾಯಿತು. ಹೊರಗಿನಿಂದ ಹುಲಿಗವ್ವನ ಕೂಗು ಬಂತು: "ರೊಟ್ಟಿ ಹೊತ್ತಾಕ ಹತ್ತೈತಿ! ಇಬ್ರೂ ಏನ ಮಾಡತೀರಿ ಅಲ್ಲಿ?"

ಭಾನುವಾರ ಮಧ್ಯಾಹ್ನ ಎಲ್ಲರೂ ಉಣ್ಣುತ್ತಿದ್ದಾಗ ನೇತ್ರಾವತಿಯ ವಿಡಿಯೋ ಕರೆ ಬಂತು. ಅವಳು ಮಲ್ಲೇಶನ ತಂಗಿ. ನರ್ಸಿಂಗ್ ಓದಿ, ಗಂಡ ಸುಭಾಷ, ಮಕ್ಕಳೊಂದಿಗೆ ಐರ್ಲೆಂಡಿಗೆ ಹೋಗಿ, ಅಲ್ಲಿನ ಒಂದು ಸಣ್ಣ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಆಶ್ರಮದಲ್ಲಿ ಕೆಲಸಕ್ಕಿದ್ದಳು. ಮಲ್ಲೇಶನ ಮಗಳು ರಂಜಿತಾ ಫೋನನ್ನು ನೀರಿನ ತಂಬಿಗೆಗೆ ಒರಗಿಸಿಟ್ಟಳು.

"ಅವ್ವಾ, ಅಣ್ಣ ಕಳಿಸಿದ ನಿನ್ನ ರಿಪೋರ್ಟ್ ನೋಡೇನಿ. ಅಣ್ಣ ಏನ ಹೇಳ್ಯಾನ ನಿನಗ?"

"ಗ್ಯಾಸಂತ."

"ಗ್ಯಾಸಲ್ಲವ್ವಾ."

ಮಲ್ಲೇಶ ಎಂಜಲು ಕೈಯಲ್ಲೇ ಫೋನಿಗೆ ಬಾಗಿದ. ಹುಲಿಗವ್ವ ಅವನ ಮುಂಗೈ ಹಿಡಿದಳು. "ಅಕಿ ಮಾತ ಮುಗಸ್ಲಿ."

ನೇತ್ರಾವತಿ ಸುತ್ತಿ ಬಳಸದೆ ಹೇಳಿದಳು. ರೋಗದ ಹೆಸರು, ಅದು ಹರಡಿದ್ದು, ವಾಸಿಯಾಗುವುದಲ್ಲ ಎನ್ನುವುದು. ನೋವು ಕಡಿಮೆ ಮಾಡುವುದಕ್ಕೆ ಔಷಧ ಇದೆ ಎಂದೂ ಹೇಳಿದಳು. ಆಮೇಲೆ ಕೇಳಿದಳು, "ಎಲ್ಲಿ ಇರಬೇಕು ಅನಸತೈತಿ ನಿನಗ? ಯಾರು ಹತ್ರ ಇರಬೇಕು? ಏನು ಬ್ಯಾಡ?"

"ತಲಿ ಕೆಟ್ಟೈತೇನ ನಿಂದು?" ಮಲ್ಲೇಶ ತಾಟು ಸರಿಸಿ ಎದ್ದ. "ಉಣ್ಣಾಕ ಕುಂತ ಹೆತ್ತತಾಯಿಗೆ ಎಲ್ಲಿ ಸಾಯತಿ ಅಂತ ಕೇಳತೀ?"

"ಇಲ್ಲಿ ನಾವು ಎಲ್ಲಾರ್ನೂ ಕೇಳತೀವಣ್ಣಾ. ಮಾತಾಡೂ ಶಕ್ತಿ ಇದ್ದಾಗನ ಕೇಳತೀವಿ."

"ಅದು ಅವರ ದೇಶ. ನಮ್ಮಲ್ಲಿ ಹಂಗ ಕೇಳಂಗಿಲ್ಲ."

"ಕೇಳಂಗಿಲ್ಲ," ಎಂದಳು ಹುಲಿಗವ್ವ, ರೊಟ್ಟಿ ಮುರಿದು ಪುಂಡಿಪಲ್ಯದಲ್ಲಿ ಅದ್ದುತ್ತ. "ಯಾಕಂದ್ರ ಕೇಳಿದ್ರ ಅವರು ಹೇಳತಾರ, ಹೇಳಿದ್ಮ್ಯಾಲ ಮಾಡಬೇಕಾಗತೈತಿ. ಕೂಡೋ ಮಲ್ಲೇಶಿ. ಅನ್ನದ ಮ್ಯಾಲ ಸಿಟ್ಟ ಮಾಡಬ್ಯಾಡ."

ಮಲ್ಲೇಶ ಕೂತ. ಹುಲಿಗವ್ವ ತುತ್ತು ನುಂಗಿ, ಫೋನಿನ ಕಡೆ ಬಾಗಿದಳು.

"ದವಾಖಾನಿ ಬ್ಯಾಡ. ಮೂಗಿನಾಗ ನಳಿಗಿ ಬ್ಯಾಡ. ಅಳವಂಡಿನೂ ಬ್ಯಾಡ. ಅದು ನಿಮ್ಮಪ್ಪನ ಊರು, ಅಲ್ಲಿ ನಾ ತಲಿ ಎತ್ತಿ ಓಣಿನೂ ನೋಡಿಲ್ಲ. ಕೊಪ್ಪಳ ನಾ ದುಡದ ಊರು. ನನ್ನ ಗೆಳತ್ಯಾರೆಲ್ಲಾ ಇಲ್ಲೇ ಅದಾರ. ಇಲ್ಲೇ ಇರತೀನಿ."

"ಆತವ್ವಾ." ಎಂದಳು ನೇತ್ರಾವತಿ. "ಇನ್ನೊಂದೈತಿ. ನನಗ ರಜಾ ಒಂದ ಸಲ ಸಿಗತೈತಿ. ಈಗ ಬಂದ್ರ ಕಡೀಕ ಬರಾಕಾಗಂಗಿಲ್ಲ. ಕಡೀಕ ಬರಬೇಕಂದ್ರ ಈಗ..."

"ಇದಕ್ಕೇನ ಇಷ್ಟ ಇಚಾರ? ಸತ್ತ ಮ್ಯಾಲ ಬಂದು ಯಾರನ್ನ ಮಾತಾಡಸ್ತಿ? ಮಣ್ಣಿಗೆ ಬರಬ್ಯಾಡ, ಈಗ ಬಾ. ನಾ ಇನ್ನೂ ಉಣ್ಣಾಕ ಹತ್ತೇನಿ."

"ಮಗಳು ಮಣ್ಣಿಗೆ ಬರಲಿಲ್ಲಂದ್ರ ಮಂದಿ ಏನಂತಾರ ಯವ್ವಾ?" ಎಂದ ಮಲ್ಲೇಶ.

"ಮಂದಿ ನಿನ್ನ ಕೇಳತಾರ. ನೀ ಉತ್ರಾ ಕೊಡು."

ಓಣಿಯಲ್ಲಿ ಸುದ್ದಿ ನಿಲ್ಲಲಿಲ್ಲ. ಅದೇ ವಾರ ವಿರುಪಣ್ಣ ಮಲ್ಲೇಶನನ್ನು ಗೇಟಿನ ಹತ್ತಿರ ತಡೆದ. ಕೆಟ್ಟ ಮನುಷ್ಯನಲ್ಲ. ಹೇಳಬೇಕಾದ ಮಾತಿಗಾಗಿ ಅವನೂ ಬಹಳ ಒದ್ದಾಡಿದ್ದ ಎಂಬುದು ಮುಖದಲ್ಲಿ ಕಾಣುತ್ತಿತ್ತು.

"ಮಲ್ಲೇಶಿ, ಸಿಟ್ಟ ಮಾಡ್ಕೋಬ್ಯಾಡ. ನಿಮ್ಮವ್ವ ಅಂದ್ರ ನನಗೂ ಅವ್ವ ಇದ್ದಂಗ. ಆದ್ರ ನನ್ನ ಮನ್ಯಾಗ ಅದು ಆಗೂದು ಬ್ಯಾಡಪಾ. ಹೋದ ಹೊತ್ತಿನ ನಕ್ಷತ್ರ ನೆಟ್ಟಗಿರಲಿಲ್ಲಂದ್ರ ತಿಂಗಳಗಟ್ಲೆ ಮನಿ ಬಿಟ್ಟು ಬಾಗಲಾ ಹಾಕಬೇಕು. ನಮ್ಮ ಶ್ವೇತಾನ ನಿಶ್ಚಯ ಬ್ಯಾರೆ ಹತ್ರ ಬಂದೈತಿ. ಗಂಡಿನ ಕಡ್ಯಾವ್ರು ಏನಂದಾರು? ಊರಿಗಿ ಕರ್ಕೊಂಡ ಹೋಗು. ಇಲ್ಲಾ ದವಾಖಾನಿಗೆ ಸೇರಸು."

ಆ ಸಂಜೆ ಊಟಕ್ಕೆ ನುಚ್ಚು, ಮಜ್ಜಿಗೆ, ಗುರೆಳ್ಳು ಚಟ್ನಿ. ಮಲ್ಲೇಶ ತಾಟು ನೋಡುತ್ತಲೇ ಹೇಳಿದ, "ಮಾಲಕ್ರು ಹಿಂಗಂದ್ರು. ಬಾಡಿಗಿ ಮನಿ, ನಾವೇನ ಮಾಡಾಕ ಬರತೈತಿ? ಅಳವಂಡಿ ಮನಿ ಕಾಕಾ ಸ್ವಚ್ಛ ಮಾಡಸ್ತಾನಂತ. ಮುಂದಿನ ವಾರ ಹೋಗೂಣು."

"ಯಾರು ಹೋಗೂದ್ರೀ?" ಸುಕನ್ಯಾ ನುಚ್ಚಿನ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. "ನಿಮಗ ಡ್ಯೂಟಿ. ರಂಜಿಗೆ ಕಾಲೇಜು. ಅತ್ತಿಯವರ ಮೈ ತೊಳಿಯಾಕಿ ನಾನು, ಉಣಸಾಕಿ ನಾನು. ನೀವು ಕಾಕಾನ್ನ ಕೇಳಿದ್ರಿ, ಮಾಲಕ್ರನ್ನ ಕೇಳಿದ್ರಿ, ನೇತ್ರಾ ಫಾರಿನ್ನಾಗ ಕುಂತು ಅತ್ತಿಯವರನ್ನ ಕೇಳಿದ್ಲು. ನನ್ನ ಯಾರು ಕೇಳಿದ್ರಿ?"

ಈ ಮನೆಯಲ್ಲಿ ಸುಕನ್ಯಾ ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಯಾರೂ ಕೇಳಿರಲಿಲ್ಲ.

"ಖರೇ ಐತಿ," ಎಂದಳು ಹುಲಿಗವ್ವ. "ನಾನೂ ಕೇಳಲಿಲ್ಲ. ಈಗ ಕೇಳತೀನಿ. ಸುಕನ್ಯಾ, ನನ್ನ ಜ್ವಾಪಾನ ಮಾಡತೀಯೇನ?"

"ಮಾಡತೀನ್ರೀ. ಆದ್ರ ರೊಟ್ಟಿ ಬಿಡಂಗಿಲ್ಲ. ಒಂದ್ಸಲ ಖಾನಾವಳಿ ತಪ್ಪಿದ್ರ ಮತ್ತ ಹಿಡಿಯಾಕ ಆಗಂಗಿಲ್ಲ. ಶೆಡ್ಡಿನಾಗೂ ಇರಬೇಕು, ನಿಮ್ಮ ಹತ್ರನೂ ಇರಬೇಕಂದ್ರ ಹೆಂಗ್ರೀ?"

ಹುಲಿಗವ್ವ ಮಜ್ಜಿಗೆಯ ಲೋಟ ಖಾಲಿ ಮಾಡಿ ಕೆಳಗಿಟ್ಟಳು. ಆಮೇಲೆ ಅವಳ ಮುಖ ಅರಳಿತು.

"ಹಂಗಾರ ಹಾಸಿಗಿನ ಶೆಡ್ಡಿಗೆ ಒಯ್ರಿ," ಎಂದಳು. "ರಂಜಿತಾ, ಮುಂಜಾನೆ ವಿರುಪಣ್ಣನ್ನ ನಾಷ್ಟಾಕ್ಕ ಕರಿ."

ವಿರುಪಣ್ಣ ಬಂದಾಗ ಹುಲಿಗವ್ವ ಶೆಡ್ಡಿನ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಅವಳ ಗೆಳತಿ, ಬಳೆ ಮಾರುವ ಅಬೇದಾಬಿ. ಬಿಸಿ ರೊಟ್ಟಿ, ಬೆಣ್ಣೆ, ಶೇಂಗಾ ಹಿಂಡಿ ಮುಂದಿಟ್ಟು, ಅವನು ಎರಡು ತುತ್ತು ತಿಂದ ಮೇಲೆ ಹುಲಿಗವ್ವ ಮಾತು ತೆಗೆದಳು.

"ವಿರುಪಣ್ಣಾ, ನಿನ್ನ ಮನ್ಯಾಗ ನಾ ಸಾಯಂಗಿಲ್ಲ. ನಿಶ್ಚಿಂತಿಯಿಂದ ತಿನ್ನು."

ವಿರುಪಣ್ಣ ಮುರಿದ ರೊಟ್ಟಿಯನ್ನು ತಾಟಿನಲ್ಲಿಟ್ಟ. "ಹಂಗಲ್ಲ ಯವ್ವಾ..."

"ಹಂಗ ಐತಿ. ನಿನ್ನ ಅಂಜಿಕಿ ನನಗ ತಿಳೀತೈತಿ. ಮಗಳ ಲಗ್ನ ಮಾಡಾವ. ಈ ಶೆಡ್ಡ ಯಾರದು?"

"ನಿಂದ ಐತಿ. ನೀನ ಕಟ್ಟಿಸಿದ್ದಿ."

"ಗ್ವಾಡಿ ನಂದು, ತಗಡ ನಂದು, ಬಾಗಲ ಓಣಿ ಕಡೆ. ನಿನ್ನ ಹೊಸ್ತಲಕ್ಕೂ ಇದಕ್ಕೂ ಸಂಬಂಧಿಲ್ಲ. ನಾ ಇಲ್ಲೇ ಇರತೀನಿ."

"ನೆಲ ನಂದೈತೆಲ್ಲ ಯವ್ವಾ?"

"ನೆಲಕ್ಕ ಸಾವು ಹತ್ತತಿದ್ರ ಈ ಕೊಪ್ಪಳದಾಗ ಯಾರೂ ಮನೀನ ಕಟ್ಟತಿರಲಿಲ್ಲ ತಮ್ಮಾ."

ಅಬೇದಾಬಿ ನಕ್ಕಳು. "ಭಾಳ ಸಂಶೆ ಬಂದ್ರ ತಗಡ ಕಿತ್ತು ಬ್ಯಾರೆ ಹಾಕ್ಕೋರಿ ವಿರುಪಣ್ಣಾರ. ಮನಿ ಬಾಗಲಾ ಹಾಕೂದಕ್ಕಿಂತ ಅದು ಛಲೋ."

"ಹೊಸಾ ತಗಡ ನನ್ನ ಖರ್ಚು," ಎಂದಳು ಹುಲಿಗವ್ವ.

ಮನೆಯೊಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ವಿರುಪಣ್ಣನ ಹೆಂಡತಿ ಕಿಟಕಿಯಿಂದಲೇ ಕೂಗಿದಳು, "ಹೂಂ ಅಂದು ಬರ್ರಿ. ಆ ಮುದುಕಿ ಜೋಡಿ ವಾದಾ ಹಾಕಿ ಯಾರು ಗೆದ್ದಾರ!" ವಿರುಪಣ್ಣ ಹೂಂ ಅಂದ. ಎದ್ದು ಹೋಗುವಾಗ ಇನ್ನೊಂದು ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಹೋದ.

ಶೆಡ್ಡಿಗೆ ಸುಣ್ಣ ಬಳಿದರು. ಒಲೆಯನ್ನು ಹೊಗೆ ಹೊರಗೆ ಹೋಗುವ ಮೂಲೆಗೆ ಸರಿಸಿದರು. ತಗಡಿನ ಕಾವು ತಡೆಯಲು ಮಲ್ಲೇಶ ಮೇಲೆ ಜೋಳದ ದಂಟು ಹೊದಿಸಿದ. ಸಿಟ್ಟು ಅವನಲ್ಲಿ ಇನ್ನೂ ಇತ್ತು. ಆದರೂ ಮಂಚವನ್ನು ತಾನೇ ಹೊತ್ತು ತಂದು ಓಣಿ ಕಾಣುವಂತೆ ಹಾಕಿದ.

ನೇತ್ರಾವತಿ ಬಂದಿಳಿದಾಗ ಹುಲಿಗವ್ವ ಮಂಚದ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಮಗಳು ಓಡಿ ಬಂದು ಮಡಿಲಲ್ಲಿ ಮುಖ ಇಟ್ಟಳು. ಹುಲಿಗವ್ವ ಅವಳ ಬೆನ್ನು ಸವರಿ, "ಎಷ್ಟ ಸೊರಗೀದಿ. ಆ ಊರಾಗ ರೊಟ್ಟಿ ಇಲ್ಲ, ಏನಿಲ್ಲ. ಮೊದಲ ಉಣ್ಣು, ಆಮ್ಯಾಲ ಅಳು," ಎಂದಳು.

ಮರುದಿನವೇ ನೇತ್ರಾವತಿ ಅತ್ತಿಗೆಯನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ನೋವಿನ ಗುಳಿಗೆ ಬರೆಸಿಕೊಂಡು ಬಂದಳು. ಅಲ್ಲಿನ ನರ್ಸ್ ವಾರಕ್ಕೊಮ್ಮೆ ಮನೆಗೆ ಬಂದು ನೋಡುವುದೆಂದಾಯಿತು. ನೇತ್ರಾವತಿ ಹೇಳಿಕೊಟ್ಟಳು: ಗುಳಿಗೆಯನ್ನು ನೋವು ಬಂದ ಮೇಲಲ್ಲ, ಹೊತ್ತಿಗೆ ಸರಿಯಾಗಿ ಕೊಡಬೇಕು. ಮಗ್ಗುಲು ಬದಲಿಸುವಾಗ ಸೊಂಟಕ್ಕೆ ಕೈ ಕೊಡಬೇಕು. ತುಟಿ ಒಣಗಿದರೆ ಒದ್ದೆ ಬಟ್ಟೆ. ಊಟ ಬೇಡವೆಂದರೆ ಒತ್ತಾಯ ಮಾಡಬಾರದು. ಸುಕನ್ಯಾ ಒಂದೊಂದನ್ನೂ ಮಾಡಿ ತೋರಿಸಿ, "ಹಿಂಗ ಹೌದಲ್ಲ?" ಎಂದು ಕೇಳಿ ಕಲಿತಳು.

ಮಧ್ಯಾಹ್ನಗಳಲ್ಲಿ ಇಬ್ಬರೂ ಕೂತು ರೊಟ್ಟಿ ಬಡಿಯುತ್ತಿದ್ದರು. ನೇತ್ರಾವತಿಯ ರೊಟ್ಟಿ ಅಂಚಿನಲ್ಲಿ ಹರಿಯುತ್ತಿತ್ತು. ಮಂಚದ ಮೇಲಿಂದ ತಾಯಿ, "ಖಾನಾವಳಿಗೆ ಅದನ್ನ ಕಳಸಬ್ಯಾಡ್ರೆವ್ವಾ, ನಮ್ಮ ಹೆಸರ ಹೋಗತೈತಿ," ಎನ್ನುತ್ತಿದ್ದಳು.

"ನಮ್ಮ ಆಶ್ರಮದಾಗ ಒಬ್ಬಾಕಿ ಮುದುಕಿ ಇದ್ಲು ವೈನಿ," ಎಂದಳು ಒಮ್ಮೆ ನೇತ್ರಾವತಿ. "ನನ್ನ ಮನ್ಯಾಗ, ನನ್ನ ಹಾಸಿಗಿ ಮ್ಯಾಲ ಹೋಗಬೇಕು ಅಂತ ಮೊದಲ ಹೇಳಿದ್ಲು. ಆದ್ರ ಮನಿಗೆ ಕೀಲಿ ಬಿದ್ದಿತ್ತು. ನೋಡ್ಕೊಳ್ಳಾಕ ಯಾರೂ ಇರಲಿಲ್ಲ. ಕಡೀಕ ಅಕಿ ಪಡದಿ, ದೀಪ, ಫೋಟೋ ಎಲ್ಲಾ ತಂದು ನಮ್ಮಲ್ಲೇ ಅಕಿ ಕೋಣಿ ಮಾಡಿದ್ವಿ. ಹೋಗೋವಾಗ ನಾನ ಕೈ ಹಿಡಕೊಂಡಿದ್ದೆ. ನನ್ನ ಹೆಸರು ಅಕಿ ಬಾಯಾಗ ಹೊಳ್ಳತಿರಲಿಲ್ಲ."

"ಅಲ್ಲಿ ಕೇಳತಾರ, ಮನ್ಯಾಗ ಮಂದಿಲ್ಲ," ಎಂದಳು ಸುಕನ್ಯಾ, ಹಿಟ್ಟು ನಾದುತ್ತ. "ಇಲ್ಲಿ ಮಂದಿ ಅದಾರ, ಕೇಳಾವ್ರಿಲ್ಲ."

ರಜೆ ಮುಗಿಯುತ್ತ ಬಂತು. ಹುಲಿಗವ್ವನ ಕಣ್ಣುಗಳು ಹಳದಿಗೆ ತಿರುಗಿದ್ದವು. ಸೀರೆ ಮೈಮೇಲೆ ನಿಲ್ಲುತ್ತಿರಲಿಲ್ಲ. ಹೊರಡುವ ದಿನ ಮುಂಜಾನೆ ಮಲ್ಲೇಶ ತಡೆಯಲಾರದೆ ಕೂಗಾಡಿದ.

"ಹಿಂಗಿದ್ದಾಕಿನ್ನ ಬಿಟ್ಟು ಹೆಂಗ ಹೋಗತೀ? ನೌಕರಿ ದೊಡ್ಡದಾತೇನ?"

"ನೌಕರಿ ಬಿಟ್ರ ಅಲ್ಲಿ ಇರೂ ಪರ್ಮಿಟ್ಟನ ಹೋಗತೈತಣ್ಣಾ! ಸುಭಾಷಂದೂ ಅದರ ಮ್ಯಾಲ ಐತಿ, ಮಕ್ಕಳದೂ..."

"ಏ, ಸಾಕು," ಎಂದಳು ಹುಲಿಗವ್ವ. "ನಾ ಕರದೆ, ಬಂದ್ಲು. ನಾ ಹೋಗಂತೀನಿ, ಹೋಗತಾಳ. ನಡುವ ನಿಂದೇನ?" ಮಗಳನ್ನು ಹತ್ತಿರ ಕರೆದು, ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು ನೋಡಿದಳು. "ಹೊಟ್ಟಿ ತುಂಬ ನೋಡಿದೆ. ಜಗಳ ಮಾಡಿದ್ವಿ, ಉಂಡ್ವಿ. ಇನ್ನ ನನ್ನ ಸುದ್ದಿ ಬಂದಾಗ ಇಮಾನ ಹತ್ತಾಕ ಓಡಬ್ಯಾಡ. ಕುಂತಲ್ಲೇ ಒಂದ್ಸಲ ಅತ್ತು, ಕೆಲಸಕ್ಕ ಹೋಗು. ನಿನ್ನ ಕೈ ಕಾಯಾವ್ರು ಅಲ್ಲಿ ಅದಾರ."

ಕಾರು ಓಣಿ ತಿರುಗುವವರೆಗೂ ಅವಳು ನಗುತ್ತ ಕೈ ಆಡಿಸಿದಳು. ಆಮೇಲೆ, "ಸುಕನ್ಯಾ, ಬಾಗಲಾ ಮುಂದ ಮಾಡು. ನಾ ಸ್ವಲ್ಪ ಅಳತೀನಿ," ಎಂದು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಸುಕನ್ಯಾ ಬಾಗಿಲು ಎಳೆದುಕೊಂಡು, ಹೊರಗೆ ಮೆಟ್ಟಿಲ ಮೇಲೆ ಕೂತಳು.

ಮುಂದಿನ ವಾರಗಳಲ್ಲಿ ಶ್ವೇತಾಳ ನಿಶ್ಚಯ ಮುಗಿಯಿತು. ಹುಲಿಗವ್ವ ಮಲಗಿದಲ್ಲಿಂದಲೇ ಅದಕ್ಕೆ ಬುಟ್ಟಿ ತುಂಬ ರೊಟ್ಟಿ ಕಳಿಸಿದಳು. ಊಟ ಅಂಬಲಿಗೆ ಇಳಿಯಿತು, ಅಂಬಲಿ ಚಮಚಕ್ಕೆ ಇಳಿಯಿತು. ಅಬೇದಾಬಿ ದಿನವೂ ಬಂದು ಓಣಿಯ ಸುದ್ದಿ ಹೇಳಿ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ನೋವು ಒಮ್ಮೆಲೇ ಏರಿತು. ಹುಲಿಗವ್ವ ಮಂಚದ ಪಟ್ಟಿ ಹಿಡಿದು ನರಳತೊಡಗಿದಳು. ಮನೆಯಲ್ಲಿದ್ದ ಮಲ್ಲೇಶ ಗಾಬರಿಯಾಗಿ ಆಂಬುಲೆನ್ಸಿಗೆ ಫೋನ್ ಮಾಡಿದ. ಸುಕನ್ಯಾ ನರ್ಸಿಗೆ ಫೋನ್ ಹಚ್ಚಿ, ಕೇಳಿಕೊಂಡು, ಇಂಥ ಹೊತ್ತಿಗೆಂದೇ ಇಟ್ಟಿದ್ದ ಗುಳಿಗೆಯನ್ನು ಕೊಟ್ಟಳು. ಅಷ್ಟರಲ್ಲಿ ಗಾಡಿ ಬಂದು ಬಾಗಿಲಲ್ಲಿ ನಿಂತಿತು.

"ಎತ್ರಿ, ಹುಬ್ಬಳ್ಳಿಗೆ ಹೋಗೂಣು," ಎಂದ ಮಲ್ಲೇಶ.

ಸುಕನ್ಯಾ ಮಂಚಕ್ಕೆ ಅಡ್ಡ ನಿಂತಳು. "ಅರ್ಧಾ ತಾಸು ತಡೀರಿ. ಬ್ಯಾನಿ ಇಳೀಲಿಲ್ಲಂದ್ರ ನಾನ ಗಾಡಿ ಹತ್ತಸ್ತೀನಿ. ಅಲ್ಲಿಗೆ ಒಯ್ದ್ರ ಗಾಜಿನ ಬಾಗಲದ ಹೊರಗ ನೀವು, ಒಳಗ ಅವರು. ಅದು ಬ್ಯಾಡ ಅಂತ ಬಾಯಿ ಬಿಟ್ಟು ಹೇಳ್ಯಾರ. ನೀವೂ ಕೇಳೀರಿ."

ಮಲ್ಲೇಶ ತಾಯಿಯ ಕಾಲ ಬಳಿ ಕೂತ. ನಿಧಾನಕ್ಕೆ ಹುಲಿಗವ್ವನ ಮುಷ್ಟಿ ಸಡಿಲವಾಯಿತು, ಉಸಿರು ನೆಟ್ಟಗಾಯಿತು. ಕಣ್ಣು ತೆರೆದು ಬಾಗಿಲ ಕಡೆ ನೋಡಿದಳು.

"ಯಾರದದು ಗಾಡಿ?"

"ನಾನ ಕರಸೇನಿ ಯವ್ವಾ." ಮಲ್ಲೇಶ ಅತ್ತುಬಿಟ್ಟ. "ನಾಳೆ ಮಂದಿ ನನಗ ಏನಂತಾರ? ತಾಯಿನ್ನ ದವಾಖಾನಿಗೆ ಒಯ್ಯದ ತಗಡಿನಾಗ ಹಾಕಿದ್ದ ಅಂತಾರ."

"ಯಾವ ಮಂದಿ? ಹೆಸರ ಹೇಳು. ಕರಸು, ನಾನ ಹೇಳತೀನಿ."

ಮಲ್ಲೇಶ ತೋಳಿನಿಂದ ಮುಖ ಒರೆಸಿಕೊಂಡು ಎದ್ದ.

"ಗಾಡಿಯಂವಗ ಚಾ ಕೊಟ್ಟು ಕಳಸ್ರಿ," ಎಂದಳು ಹುಲಿಗವ್ವ.

ಅಂದಿನಿಂದ ಮಲ್ಲೇಶ ಡ್ಯೂಟಿಯಿಂದ ಬಂದವನು ನೇರ ಶೆಡ್ಡಿಗೆ ಬರತೊಡಗಿದ. ಮಗ್ಗುಲು ಬದಲಿಸುವುದನ್ನು ಹೆಂಡತಿಯಿಂದ ಕಲಿತ. ಸೊಂಟಕ್ಕೆ ಕೈ ಕೊಡದೆ ಎತ್ತಿದಾಗ ಅವಳಿಂದ ಬೈಸಿಕೊಂಡ. ಒಂದು ಸಂಜೆ ತಾಯಿಯ ತುಟಿಗೆ ಒದ್ದೆ ಬಟ್ಟೆ ಒತ್ತುತ್ತ, "ಯವ್ವಾ, ಇಲ್ಲಿ ಸಂಕಟ ಇಲ್ಲ ಹೌದಲ್ಲ?" ಎಂದು ಕೇಳಿದ. ಅವನು ಹಾಗೆ ಕೇಳಿದ್ದು ಅದೇ ಮೊದಲು. ಹುಲಿಗವ್ವ ಇಲ್ಲವೆಂದು ತಲೆ ಆಡಿಸಿ, ಅವನ ಬೆರಳು ಹಿಡಿದುಕೊಂಡಳು.

ಅವಳು ಹೋದದ್ದು ರೊಟ್ಟಿ ಬಡಿಯುವ ಹೊತ್ತಿನಲ್ಲಿ. ಸುಕನ್ಯಾಳಿಗೆ ಉಸಿರಿನ ನಡುವಿನ ಬಿಡುವು ಉದ್ದವಾದದ್ದು ಕೇಳಿಸಿತು. ಹಂಚು ಇಳಿಸಿ ಗಂಡನನ್ನೂ ಮಗಳನ್ನೂ ಕೂಗಿದಳು. ರಂಜಿತಾ ಸೋದರತ್ತೆಗೆ ಕರೆ ಮಾಡಿ ಫೋನನ್ನು ಅಜ್ಜಿಯ ಕಿವಿಗೆ ಹಿಡಿದಳು. ನೇತ್ರಾವತಿ ಏನು ಹೇಳಿದಳೋ ಅದು ತಾಯಿ ಮಗಳ ನಡುವೆಯೇ ಉಳಿಯಿತು. ಮಲ್ಲೇಶ ಬಾಯಿಗೆ ನೀರು ಬಿಟ್ಟ. ಅಬೇದಾಬಿ ಅಂಗಾಲು ತಿಕ್ಕುತ್ತಿದ್ದಳು. ಅವಳಿಗೇ ಮೊದಲು ಗೊತ್ತಾಯಿತು.

ಜನ ಸೇರಿದರು. ಓಣಿ ಇಕ್ಕಟ್ಟು, ಬಿಸಿಲು ಜೋರು. ಹೆಣವನ್ನು ಎಲ್ಲಿ ಕೂರಿಸುವುದೆಂದು ಮಾತಾಡುತ್ತಿದ್ದಾಗ ವಿರುಪಣ್ಣ ಗೇಟಿನ ಎರಡೂ ಬಾಗಿಲು ತೆರೆದು ಹೊರಗೆ ಬಂದ.

"ನಮ್ಮ ಕಟ್ಟಿ ಮ್ಯಾಲ ಕೂಡ್ರಸ್ರಿ. ನೆರಳೈತಿ."

"ನಕ್ಷತ್ರ ನೋಡ್ಸೀರೇನ್ರೀ ಮಾಲಕ್ರ?" ಎಂದು ಮಲ್ಲೇಶ ಸಂಕೋಚದಿಂದ ಕೇಳಿದ.

"ಮುದುಕಿ ಬಿಸಲಾಗ ಕುಂದರೂದು ಬ್ಯಾಡ. ಹೂಂ, ಎತ್ರಿ," ಎಂದು ತಾನೂ ಒಂದು ಕಡೆ ಕೈ ಹಾಕಿದ.

ಸಂಜೆಗೆ ಅಳವಂಡಿಯಿಂದ ಕಾಕಾ ಬಂದ. ಹೂವಿನ ಹಾರ ಹಾಕಿ, ಅತ್ತು, ಕಣ್ಣೊರೆಸಿಕೊಂಡು ಹೆಂಗಸರ ಗುಂಪಿನಲ್ಲಿ ಯಾರನ್ನೋ ಹುಡುಕಿದ.

"ಒಬ್ಬಾಕಿ ಮಗಳು. ತಾಯಿ ಮಣ್ಣಿಗೂ ಬರಲಿಲ್ಲೇನೋ ಮಲ್ಲೇಶಿ?"

ಸುಕನ್ಯಾ ತಲೆ ಎತ್ತಿ ಗಂಡನನ್ನು ನೋಡಿದಳು. ಮಲ್ಲೇಶ ಎದ್ದು ನಿಂತ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

"ಬಂದಿದ್ಲು ಕಾಕಾ. ಅವ್ವ ಉಂಡು, ನಕ್ಕು, ಬೈದು ಮಾಡೋವಾಗ ಬಂದಿದ್ಲು. ಈಗ ಬಾ ಅಂತ ಅವ್ವನ ಹೇಳಿದ್ಲು. ನೀವ ತಡಾ ಮಾಡಿ ಬಂದೀರಿ."